ಚರ್ಮದ ಮೇಲಿನ ಗುರುತುಗಳೂ ನಮ್ಮ ಕರ್ತವ್ಯವೂ

(ತೋಟ ಕಾರ್ಮಿಕರ ಕುಟುಂಬ ಕೂಟದಲ್ಲಿ ಭಾನುವಾರದ ಆರಾಧನೆಯ ಅನಂತರ ಮಾಡಿದ ಭಾಷಣ)



ಕೂಲಿಯ ವಿಷಯ, ಬೋನಸ್ಸಿನ ವಿಷಯ ಮುಂದಿನ ಕೂಟಕ್ಕೆ ಇರಲಿ. ಈ ದಿನ ನಾವು ಮಾತನಾಡಬೇಕೆಂದಿರುವುದು ಲೈನ್ ಮನೆಗಳ ನಲ್ಲಿಯ ಹತ್ತಿರ, ಎಲೆ ತೂಕದ ಸಾಲಿನಲ್ಲಿ, ಪಿಸುಮಾತಾಗಿ ಮಾತ್ರ ಕೇಳಿಬರುವ ಒಂದು ವಿಷಯವನ್ನು. "ಅವಳ ಕೈಕಾಲೆಲ್ಲ ಕಪ್ಪು ಕಪ್ಪು ಕಲೆ, ನೋಡಿದೆಯಾ? ಆ ಕಾಯಿಲೆಯೇ ಇರಬೇಕು" ಎಂಬ ಮಾತು ನಿಮ್ಮಲ್ಲಿ ಅನೇಕರ ಕಿವಿಗೆ ಬಿದ್ದಿದೆ. ಆ ಕಾಯಿಲೆಗೆ ಒಂದು ಹೆಸರಿದೆ. ಹೆಸರನ್ನು ಬಾಯಿಬಿಟ್ಟು ಹೇಳುವುದೇ ಮೊದಲನೆಯ ಒಳ್ಳೆಯ ಕೆಲಸ. ಅದು ಎಚ್.ಐ.ವಿ. ಸೋಂಕು, ಔಷಧವಿಲ್ಲದೆ ಬಿಟ್ಟರೆ ಕಾಲಕ್ರಮದಲ್ಲಿ ಏಡ್ಸ್ ಎಂಬ ಸ್ಥಿತಿಗೆ ತಿರುಗುವಂಥದು.

ನಾವು ಹೇಳಬೇಕಾಗಿರುವ ಮಾತು ಒಂದೇ. ಚರ್ಮದ ಮೇಲಿನ ಗುರುತನ್ನು ನೋಡಿ ಯಾರ ಮೇಲೂ ತೀರ್ಪು ಕೊಡಬೇಡಿರಿ. ಆದರೆ ಚರ್ಮ ತೋರಿಸುವ ಎಚ್ಚರಿಕೆಯನ್ನು ಮುಚ್ಚಿಡಲೂ ಬೇಡಿರಿ. ಈ ಎರಡೂ ಒಟ್ಟಿಗೆ ಇರಬೇಕು. ತೀರ್ಪಿಗೆ ಹೆದರಿದವರು ಗುರುತನ್ನು ಮುಚ್ಚಿಡುತ್ತಾರೆ, ಮುಚ್ಚಿಟ್ಟವರು ತಡವಾಗಿ ಆಸ್ಪತ್ರೆಗೆ ಹೋಗುತ್ತಾರೆ. ಗುಣಪಡಿಸಬಹುದಾದ ಎಷ್ಟೋ ತೊಂದರೆಗಳು ಆ ತಡದಲ್ಲಿಯೇ ಕೈಮೀರಿ ಹೋಗುತ್ತವೆ.

ಮೊದಲು ನಮ್ಮ ಚರ್ಮವನ್ನೇ ತಿಳಿದುಕೊಳ್ಳೋಣ. ಚರ್ಮಕ್ಕೆ ಬಣ್ಣ ಕೊಡುವ ಜೀವಕಣಗಳು ಒಂದು ಕಡೆ ಗುಂಪುಗೂಡಿದರೆ ಮಚ್ಚೆಯಾಗುತ್ತದೆ. ಮಚ್ಚೆ ಇಲ್ಲದ ಮನುಷ್ಯನಿಲ್ಲ. ಶಾಲೆಯ ಸರ್ಟಿಫಿಕೇಟಿನಲ್ಲಿಯೂ "ಗುರುತಿನ ಮಚ್ಚೆ" ಎಂದು ಬರೆಯುವ ಪದ್ಧತಿಯಿತ್ತು. ಬಲಗಡೆಯ ಮಚ್ಚೆ ಅದೃಷ್ಟ, ಎಡಗಡೆಯದು ಅನಿಷ್ಟ ಎಂದು ಹೇಳುವವರೂ ಉಂಟು. ಅದಕ್ಕೆ ಆಧಾರವಿಲ್ಲ. ಹುಟ್ಟಿನಿಂದ ಬಂದದ್ದಾಗಲಿ, ಹರೆಯದಲ್ಲಿ ಬಂದದ್ದಾಗಲಿ, ವರ್ಷಗಟ್ಟಲೆ ಒಂದೇ ರೀತಿಯಾಗಿರುವ ಮಚ್ಚೆಯಿಂದ ಭಯವಿಲ್ಲ. ಯಾವ ವೈದ್ಯರೂ ಮಚ್ಚೆಯನ್ನು ನೋಡಿ ಎಚ್.ಐ.ವಿ. ಇದೆ ಎಂದಾಗಲಿ, ಇಲ್ಲ ಎಂದಾಗಲಿ ಹೇಳಲಾರರು.

ಇನ್ನು ತೋಟದಲ್ಲಿ ದುಡಿಯುವವರ ಚರ್ಮವನ್ನು ನೋಡಿರಿ. ಚಹಾ ಎಲೆ ಕೀಳುವವರ ಬೆರಳುಗಳಿಗೆ ಎಲೆಯ ರಸ ಹತ್ತಿ ಕಂದುಗಪ್ಪು ಬಣ್ಣ ಕೂರುತ್ತದೆ. ಮಳೆಗಾಲದಲ್ಲಿ ಇಂಬಳ ಕಚ್ಚುತ್ತದೆ. ಸೊಳ್ಳೆ, ನೊರಜು, ಇರುವೆ ಇವೆಲ್ಲ ನಿತ್ಯದ ಪಾಡು. ಗಿಡದ ಕಡ್ಡಿ ಗೀರುತ್ತದೆ, ಮುಳ್ಳು ಚುಚ್ಚುತ್ತದೆ, ಮದ್ದು ಹೊಡೆಯುವವರ ಮೈ ಉರಿಯುತ್ತದೆ. ನಮ್ಮಂಥ ಕಪ್ಪು ಚರ್ಮದ ಜನರಲ್ಲಿ ಗಾಯವಾಗಲಿ, ತುರಿಕೆಯಾಗಲಿ ಮಾಯ್ದ ಮೇಲೆ ಆ ಜಾಗ ತಿಂಗಳುಗಟ್ಟಲೆ ಕಪ್ಪಾಗಿಯೇ ಉಳಿಯುತ್ತದೆ. ಇದು ಚರ್ಮದ ಸ್ವಭಾವ. ತುರಿಕಜ್ಜಿ, ಹುಳುಕಡ್ಡಿ, ಚಿಬ್ಬು, ಬಂಗು, ತೊನ್ನು ಇವೆಲ್ಲ ಬೇರೆ ಬೇರೆ ಕಾರಣಗಳಿಂದ ಬರುವವು. ಬಿಳಿಚಿದ ಮಚ್ಚೆಯಿದ್ದು, ಅದರ ಮೇಲೆ ಮುಟ್ಟಿದರೂ ಚುಚ್ಚಿದರೂ ತಿಳಿಯದೆ ಹೋದರೆ ಕುಷ್ಠದ ಪರೀಕ್ಷೆ ಮಾಡಿಸಬೇಕು. ಕುಷ್ಠವೂ ಈಗ ಔಷಧದಿಂದ ಪೂರ್ತಿಯಾಗಿ ಗುಣವಾಗುತ್ತದೆ. ಔಷಧ ಸರಕಾರಿ ಆಸ್ಪತ್ರೆಯಲ್ಲಿ ಉಚಿತ.

ಹಾಗಾದರೆ ಚರ್ಮಕ್ಕೂ ಎಚ್.ಐ.ವಿ.ಗೂ ಸಂಬಂಧವೇ ಇಲ್ಲವೋ ಎಂದು ನೀವು ಕೇಳಬಹುದು. ಸಂಬಂಧವಿದೆ. ಈ ರೋಗವು ಲೋಕದ ಕಣ್ಣಿಗೆ ಬಿದ್ದದ್ದರಲ್ಲಿ ಚರ್ಮದ ಪಾಲೂ ಇತ್ತು. 1981ರ ಜುಲೈ ತಿಂಗಳಲ್ಲಿ ಅಮೆರಿಕ ದೇಶದ ನ್ಯೂಯಾರ್ಕ್ ಮತ್ತು ಕ್ಯಾಲಿಫೋರ್ನಿಯಾದಲ್ಲಿ 26 ಮಂದಿ ಗಂಡಸರಿಗೆ ಕಪೋಸಿ ಸಾರ್ಕೋಮ ಎಂಬ ವಿರಳವಾದ ಗೆಡ್ಡೆರೋಗ ಬಂದಿದೆಯೆಂದು ಅಲ್ಲಿಯ ಸರಕಾರದ ಆರೋಗ್ಯ ಇಲಾಖೆ ಪ್ರಕಟಿಸಿತು. ಮೈಮೇಲೆ ನೇರಳೆ ಅಥವಾ ಕಂದು ಬಣ್ಣದ ಕಲೆಗಳೂ ಗಂಟುಗಳೂ ಕಾಣಿಸುವ ರೋಗ ಅದು. 1872ರಲ್ಲಿ ಅದನ್ನು ಮೊದಲು ವಿವರಿಸಿದ ವೈದ್ಯರ ಹೆಸರೇ ಅದಕ್ಕೆ ಬಂದಿದೆ. ಆ ದೇಶದಲ್ಲಿ ಅಲ್ಲಿಯ ತನಕ ಹೆಚ್ಚಾಗಿ ಮುದುಕರಲ್ಲಿ ಕಾಣುತ್ತಿದ್ದದ್ದು ಯುವಕರಿಗೆ ಏಕೆ ಬಂತು ಎಂದು ಹುಡುಕುತ್ತ ಹೋದಾಗ, ಅವರ ದೇಹದ ರೋಗನಿರೋಧಕ ಶಕ್ತಿ ಕುಂದಿಹೋಗಿದ್ದದ್ದು ತಿಳಿದುಬಂತು. ಆ ಗೆಡ್ಡೆಗೆ ಕಾರಣವಾದ ಬೇರೊಂದು ವೈರಸ್ಸು 1994ರಲ್ಲಿ ಪತ್ತೆಯಾಯಿತು. ನಮ್ಮ ದೇಶದಲ್ಲಿ ಈ ಗೆಡ್ಡೆರೋಗ ಬಹಳ ವಿರಳ. ಆದರೆ ಮೈಮೇಲೆ ಕಲೆ ಬಂದರೆ ಏಡ್ಸ್ ಎಂಬ ಭಯ ಮಾತ್ರ ಸಿನಿಮಾದಿಂದಲೂ ಭಿತ್ತಿಚಿತ್ರಗಳಿಂದಲೂ ನಮ್ಮ ಪಾಡಿಗಳವರೆಗೆ ಬಂದು ಕುಳಿತಿದೆ.

ಭಾರತದಲ್ಲಿ ಎಚ್.ಐ.ವಿ. ಮೊದಲು ಗೊತ್ತಾದದ್ದು 1986ರಲ್ಲಿ, ಮದರಾಸಿನಲ್ಲಿ. ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅವರ ಪರಿಶ್ರಮದಿಂದ ಅದು ತಿಳಿದುಬಂತು. ಆಗ ಪರಿಣಾಮಕಾರಿಯಾದ ಔಷಧವಿರಲಿಲ್ಲ. ಈಗಿನ ಮಾತು ಬೇರೆ.

ಎಚ್.ಐ.ವಿ. ಇರುವವರಲ್ಲಿ ನಿರೋಧಕ ಶಕ್ತಿ ಕುಗ್ಗಿದಾಗ ಚರ್ಮದಲ್ಲಿ ಏನೇನು ಕಾಣಬಹುದು? ಒಂದು, ಕೈಕಾಲುಗಳಲ್ಲಿ ವಿಪರೀತ ತುರಿಕೆಯ ಗುಳ್ಳೆಗಳು. ತುರಿಸಿ ತುರಿಸಿ ಗಾಯವಾಗಿ ಕಪ್ಪು ಕಲೆಗಳಾಗಿ ಉಳಿಯುತ್ತವೆ. 2004ರಲ್ಲಿ ಉಗಾಂಡ ದೇಶದ ರೋಗಿಗಳನ್ನು ಪರೀಕ್ಷಿಸಿದ ವೈದ್ಯರು, ಇವು ಹೆಚ್ಚಾಗಿ ಕೀಟ ಕಡಿತಕ್ಕೆ ದೇಹ ಅತಿಯಾಗಿ ಪ್ರತಿಕ್ರಿಯಿಸಿದ್ದರಿಂದ ಆದವು ಎಂದು ಕಂಡರು. ಎರಡು, ಒಂದೇ ಪಕ್ಕದಲ್ಲಿ ಬರುವ ಸರ್ಪಸುತ್ತು, ಅದು ಬಿಟ್ಟುಹೋಗುವ ಕಲೆ. ಮೂರು, ಮುಖದ ಮೇಲೂ ಮೈಮೇಲೂ ಹಬ್ಬುವ ನರಹುಲಿಗಳು, ಮುತ್ತಿನಂಥ ಸಣ್ಣ ಗುಳ್ಳೆಗಳು. ಇವುಗಳಲ್ಲಿ ಒಂದೊಂದೂ ಎಚ್.ಐ.ವಿ. ಇಲ್ಲದವರಿಗೂ ಬರುತ್ತದೆ. ಮಕ್ಕಳಿಗೆ ನರಹುಲಿ ಬರುವುದಿಲ್ಲವೇ? ಮುದುಕರಿಗೆ ಸರ್ಪಸುತ್ತು ಬರುವುದಿಲ್ಲವೇ? ಆದ್ದರಿಂದ ಇವು ಪರೀಕ್ಷೆ ಮಾಡಿಸಿಕೊಳ್ಳಲು ಕಾರಣವಾಗಬಹುದೇ ಹೊರತು ರೋಗದ ಸಾಕ್ಷಿಯಲ್ಲ.

ಔಷಧದಿಂದ ಬರುವ ಗುರುತುಗಳೂ ಇವೆ. ಜಿಡೊವುಡಿನ್ ಎಂಬ ಮಾತ್ರೆ 1987ರಲ್ಲಿ ಬಂದ ಮೊದಲನೆಯ ಎಚ್.ಐ.ವಿ. ಔಷಧ. ಅದನ್ನು ತೆಗೆದುಕೊಳ್ಳುವ ಕೆಲವರ ಉಗುರುಗಳಲ್ಲಿ ಕಪ್ಪು ಅಥವಾ ನೀಲಿ ಛಾಯೆಯ ಪಟ್ಟೆಗಳು ಮೂಡುತ್ತವೆ. ನಾಲಿಗೆ, ಬಾಯಿಯ ಒಳಭಾಗ, ಚರ್ಮವೂ ಕಪ್ಪಾಗಬಹುದು. ಕಪ್ಪು ಮೈಬಣ್ಣದವರಲ್ಲಿ ಇದು ಹೆಚ್ಚು. ಇದರಿಂದ ಅಪಾಯವಿಲ್ಲ. ಈಗ ಹೊಸದಾಗಿ ಚಿಕಿತ್ಸೆ ಆರಂಭಿಸುವವರಿಗೆ ಸಾಮಾನ್ಯವಾಗಿ ಬೇರೆ ಔಷಧ ಕೊಡುತ್ತಾರೆ. ಹಳೆಯ ಔಷಧದಲ್ಲಿಯೇ ಇರುವವರೂ ಉಂಟು. ಉಗುರು ಕಪ್ಪಾಯಿತೆಂದು ನಾಚಿ ಮಾತ್ರೆ ಬಿಟ್ಟರೆ ಅದು ಜೀವಕ್ಕೆ ಕುತ್ತು. ಇನ್ನು, ನಿರೋಧಕ ಶಕ್ತಿ ಬಹಳ ಕುಗ್ಗಿದವರಿಗೆ ಬೇರೆ ಸೋಂಕುಗಳು ತಗಲದಂತೆ ಕೊಡುವ ಸಲ್ಫಾ ಮಾತ್ರೆಯಿಂದ ಕೆಲವರಿಗೆ ದುಂಡಗಿನ ಕಪ್ಪು ಕಲೆ ಬರುತ್ತದೆ, ಮಾತ್ರೆ ನುಂಗಿದಾಗಲೆಲ್ಲ ಅದೇ ಜಾಗದಲ್ಲಿ ಮರುಕಳಿಸುತ್ತದೆ. ಇದನ್ನು ವೈದ್ಯರಿಗೆ ಹೇಳಬೇಕು. ಯಾವ ಮಾತ್ರೆಯಿಂದಲೇ ಆಗಲಿ, ಮೈಮೇಲೆ ದದ್ದೆದ್ದು ಜ್ವರ ಬಂದರೆ, ಬಾಯಿ ಹುಣ್ಣಾದರೆ, ಬೊಬ್ಬೆ ಬಂದರೆ, ಮರುದಿನಕ್ಕೆ ಬಿಡದೆ ಅಂದೇ ಆಸ್ಪತ್ರೆಗೆ ಓಡಬೇಕು.

ಈಗ ಮಚ್ಚೆಗೆ ತಿರುಗಿ ಬರೋಣ. ನಿರೋಧಕ ಶಕ್ತಿ ಕುಗ್ಗಿದ ಕೆಲವರಲ್ಲಿ, ಎಚ್.ಐ.ವಿ. ಇರುವವರಲ್ಲಿಯೂ, ಇದ್ದಕ್ಕಿದ್ದಂತೆ ಅನೇಕ ಹೊಸ ಮಚ್ಚೆಗಳು ಮೂಡಿದ್ದನ್ನು ವೈದ್ಯರು ಬರೆದಿಟ್ಟಿದ್ದಾರೆ. ಮಚ್ಚೆಯ ಜೀವಕಣಗಳಲ್ಲಿ ಹುಟ್ಟುವ ಮೆಲನೋಮ ಎಂಬ ಕ್ಯಾನ್ಸರು ನಮ್ಮ ಜನರಲ್ಲಿ ವಿರಳ. ಬಂದರೆ ಮಾತ್ರ ಅಂಗಾಲು, ಅಂಗೈ, ಉಗುರಿನ ಕೆಳಭಾಗ ಇಂಥ ಜಾಗಗಳಲ್ಲಿ ಹೆಚ್ಚು. ಮುಳ್ಳು ಮುರಿದದ್ದು, ಆಣಿ, ಹಳೆಯ ಪೆಟ್ಟು ಎಂದು ಎಣಿಸಿ ಅದನ್ನು ಬಿಟ್ಟುಬಿಡುವವರೇ ಬಹಳ. ಎಚ್.ಐ.ವಿ. ಇರುವವರಿಗೆ ಚರ್ಮದ ಕ್ಯಾನ್ಸರಿನ ಸಂಭವ ಸ್ವಲ್ಪ ಹೆಚ್ಚೆಂದು ಬಿಳಿಯ ಚರ್ಮದ ಜನರಲ್ಲಿ ನಡೆದ ಅಧ್ಯಯನಗಳು ತೋರಿಸಿವೆ. ಸೋಂಕು ಇರಲಿ ಇಲ್ಲದಿರಲಿ, ಎಲ್ಲರೂ ತಿಂಗಳಿಗೊಮ್ಮೆ ಮೈ ನೋಡಿಕೊಳ್ಳುವುದು ಒಳ್ಳೆಯದು. ಕೆಲಸ ಬಿಟ್ಟು ಬಂದು ಕಾಲು ತೊಳೆಯುವಾಗ ಅಂಗಾಲನ್ನೂ ಬೆರಳ ಸಂದುಗಳನ್ನೂ ಬೆಳಕಿಗೆ ಹಿಡಿದು ನೋಡಿರಿ. ಬೆನ್ನನ್ನು ಗಂಡ ಹೆಂಡತಿಯದನ್ನೂ, ಮಗಳು ತಾಯಿಯದನ್ನೂ ನೋಡಲಿ.

ಏನನ್ನು ನೋಡಬೇಕು? ಮಚ್ಚೆಯ ಒಂದು ಅರ್ಧ ಇನ್ನೊಂದು ಅರ್ಧದಂತಿಲ್ಲವೇ? ಅಂಚು ಹರಿದ ಬಟ್ಟೆಯಂತೆ ಸೊಟ್ಟಪಟ್ಟವೇ? ಒಂದೇ ಮಚ್ಚೆಯಲ್ಲಿ ಕಪ್ಪು, ಕಂದು, ಕೆಂಪು ಎಂದು ಹಲವು ಬಣ್ಣವೇ? ಸೀಸದ ಕಡ್ಡಿಯ ಹಿಂಭಾಗಕ್ಕಿಂತ, ಅಂದರೆ ಸುಮಾರು 6 ಮಿಲಿಮೀಟರಿಗಿಂತ ದೊಡ್ಡದೇ? ಎಲ್ಲಕ್ಕಿಂತ ಮುಖ್ಯವಾಗಿ, ಇತ್ತೀಚೆಗೆ ಬದಲಾಗುತ್ತಿದೆಯೇ, ಬೆಳೆಯುತ್ತಿದೆಯೇ, ರಕ್ತ ಒಸರುತ್ತಿದೆಯೇ? ಉಗುರಿನ ವಿಷಯದಲ್ಲಿ ಒಂದು ಗುರುತು ನೆನಪಿಡಿರಿ. ಹಲವು ಉಗುರುಗಳಲ್ಲಿ ಒಟ್ಟಿಗೆ ಪಟ್ಟೆ ಬಂದರೆ ಸಾಮಾನ್ಯವಾಗಿ ಅದು ಮೈಬಣ್ಣದ ಸ್ವಭಾವ ಇಲ್ಲವೆ ಔಷಧದ ಕೆಲಸ. ಒಂದೇ ಉಗುರಿನಲ್ಲಿ ಹೊಸದಾಗಿ ಬಂದು ಅಗಲವಾಗುತ್ತ, ಉಗುರಿನ ಬುಡದ ಚರ್ಮಕ್ಕೂ ಕಪ್ಪು ಹಬ್ಬುತ್ತಿದ್ದರೆ ತಡಮಾಡದೆ ಚರ್ಮದ ವೈದ್ಯರಿಗೆ ತೋರಿಸಬೇಕು. ಬೇಗ ಗೊತ್ತಾದರೆ ಆ ಭಾಗವನ್ನು ಕತ್ತರಿಸಿ ತೆಗೆದು ಪ್ರಾಣ ಉಳಿಸಬಹುದು.

ಮನೆಮದ್ದಿನ ವಿಷಯವಾಗಿ ಎರಡು ಮಾತು. ಸುಣ್ಣಕ್ಕೆ ಸೋಡಾ ಬೆರೆಸಿ ಮಚ್ಚೆ ಸುಡುವುದು, ಕುದುರೆ ಕೂದಲು ಕಟ್ಟಿ ಉದುರಿಸುವುದು, ಗೇರುಸಿಪ್ಪೆಯ ಎಣ್ಣೆ ಹಚ್ಚುವುದು ಇವುಗಳನ್ನು ಬಿಡಿರಿ. ಇವುಗಳಿಂದ ಹುಣ್ಣಾಗುತ್ತದೆ, ಕೀವಾಗುತ್ತದೆ, ಕೆಟ್ಟ ಮಚ್ಚೆಯಾಗಿದ್ದರೆ ಅದರ ಗುರುತೇ ಅಳಿಸಿಹೋಗುತ್ತದೆ. ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಳ್ಳುವ ಸ್ಟಿರಾಯ್ಡ್ ಮುಲಾಮು ಮೊದಲು ತುರಿಕೆ ತಗ್ಗಿಸುತ್ತದೆ, ಆಮೇಲೆ ಹುಳುಕಡ್ಡಿಯನ್ನು ಮೈತುಂಬ ಹರಡಿಸುತ್ತದೆ.

ಪ್ರಿಯರೇ, ಎಚ್.ಐ.ವಿ. ಇದೆಯೋ ಇಲ್ಲವೋ ಎಂದು ಹೇಳುವುದು ರಕ್ತಪರೀಕ್ಷೆ ಮಾತ್ರ. ಸರಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಕರ್ನಾಟಕದಲ್ಲಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ ಎಂಬ ಹೆಸರಿದೆ. ಗಡಿಯಾಚೆ ಇರುವ ನಮಗೆ ಬೋರ್ಡು ಓದುವುದೇ ಕಷ್ಟ. ಆದುದರಿಂದ ಹೆಸರು ನೆನಪಿಡಿರಿ. ತಮಿಳುನಾಡಿನಲ್ಲಿ ಅದು "ನಂಬಿಕ್ಕೈ ಮೈಯಂ", ಕೇರಳದಲ್ಲಿ "ಜ್ಯೋತಿಸ್". ಮೊದಲು ಕುಳ್ಳಿರಿಸಿ ಮಾತನಾಡಿಸಿ, ನಿಮ್ಮ ಒಪ್ಪಿಗೆ ಪಡೆದೇ ರಕ್ತ ತೆಗೆಯಬೇಕು. ಒಂದೇ ಪರೀಕ್ಷೆಯ ಮೇಲೆ ಸೋಂಕು ಇದೆಯೆಂದು ತೀರ್ಮಾನಿಸುವುದಿಲ್ಲ, ಬೇರೆ ವಿಧದ ಪರೀಕ್ಷೆಗಳಿಂದ ಖಚಿತಪಡಿಸುತ್ತಾರೆ. 1097 ಎಂಬ ನಂಬರಿಗೆ ಫೋನ್ ಮಾಡಿದರೆ ದುಡ್ಡಿಲ್ಲದೆ ಸಲಹೆ ಸಿಗುತ್ತದೆ.

ಸೋಂಕು ಇದೆಯೆಂದು ತಿಳಿದರೆ ಬಾಳು ಮುಗಿಯಿತೆಂದಲ್ಲ. 2004ರ ಏಪ್ರಿಲ್ 1ರಿಂದ ಸರಕಾರವು ಉಚಿತವಾಗಿ ಔಷಧ ಕೊಡುತ್ತಿದೆ. 2017ರಿಂದ, ನಿರೋಧಕ ಶಕ್ತಿ ಕುಗ್ಗುವ ತನಕ ಕಾಯದೆ, ಸೋಂಕು ಗೊತ್ತಾದ ಎಲ್ಲರಿಗೂ ಔಷಧ ಆರಂಭಿಸುವ ನಿಯಮ ಬಂದಿದೆ. ದಿನವೂ ತಪ್ಪದೆ ಮಾತ್ರೆ ನುಂಗುವವರು ನಮ್ಮ ನಿಮ್ಮಂತೆ ದುಡಿದು, ಮಕ್ಕಳನ್ನು ಓದಿಸಿ, ಮುಪ್ಪಿನವರೆಗೂ ಬಾಳಬಹುದು. ಔಷಧದಿಂದ ರಕ್ತದಲ್ಲಿ ವೈರಸ್ಸು ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೆಯೇ ನಿಂತರೆ ದಾಂಪತ್ಯದ ಮೂಲಕ ಇನ್ನೊಬ್ಬರಿಗೆ ಹರಡುವುದಿಲ್ಲ. ತಾಯಿಯಿಂದ ಮಗುವಿಗೆ ತಗಲುವುದನ್ನೂ ಬಹುಮಟ್ಟಿಗೆ ತಡೆಯಬಹುದು. ತುರಿಗುಳ್ಳೆಗಳೂ ಕ್ರಮೇಣ ಇಳಿಯುತ್ತವೆ.

ಇಲ್ಲಿ ನಾವು ಕಂಡ ಒಂದು ಸಂಗತಿಯನ್ನು ಹೇಳಬೇಕು. ಒಂದು ತೋಟದಲ್ಲಿ ಎಲೆ ಕೀಳುವ ಒಬ್ಬ ಸಹೋದರಿಯ ಕೈಕಾಲುಗಳಲ್ಲಿ ತುರಿಕೆಯ ಗುಳ್ಳೆಗಳೆದ್ದು ಕಪ್ಪು ಕಲೆಗಳಾದವು. ಮೊದಲು ಅಕ್ಕಪಕ್ಕದ ಮನೆಯವರು ಅವಳ ಕೈಯಿಂದ ಚಹಾ ಕುಡಿಯುವುದನ್ನು ಬಿಟ್ಟರು. ಆಮೇಲೆ ನಲ್ಲಿಯ ಹತ್ತಿರ ಅವಳ ಕೊಡವನ್ನು ಕಡೆಗೆ ಇಡಿಸಿದರು. ಅವಳ ಮಗನ ಜೊತೆ ಆಡಬಾರದೆಂದು ಮಕ್ಕಳಿಗೆ ಹೇಳಿಕೊಟ್ಟರು. ಸೆಕೆಗಾಲದಲ್ಲಿಯೂ ಅವಳು ತೋಳು ಮುಚ್ಚುವ ಅಂಗಿ ಹಾಕಿಕೊಂಡು ಕೆಲಸಕ್ಕೆ ಬರತೊಡಗಿದಳು. ಎಷ್ಟೋ ತಿಂಗಳು ಡಿಸ್ಪೆನ್ಸರಿಯ ಮೆಟ್ಟಿಲು ಹತ್ತಲಿಲ್ಲ. ಹತ್ತಿದರೆ ಜನ ಇನ್ನಷ್ಟು ಮಾತನಾಡುತ್ತಾರೆಂಬ ಭಯ. ಕಡೆಗೆ ನಮ್ಮ ಕೂಟದ ಇಬ್ಬರು ಅಕ್ಕಂದಿರು ಅವಳ ಮನೆಗೆ ಹೋಗಿ, ಅವಳ ಒಲೆಯ ಮುಂದೆ ಕುಳಿತು, ಅವಳು ಕೊಟ್ಟ ಚಹಾ ಕುಡಿದು, ಅನಂತರ ಅವಳ ಜೊತೆಯಲ್ಲಿ ಬಸ್ಸು ಹತ್ತಿ ಆಸ್ಪತ್ರೆಗೆ ಹೋದರು. ಚರ್ಮಕ್ಕೆ ಮದ್ದು ಕೊಟ್ಟರು, ಗುಳ್ಳೆ ಇಳಿಯಿತು. ಅವಳು ತಾನಾಗಿ ಒಪ್ಪಿ ರಕ್ತಪರೀಕ್ಷೆಯನ್ನೂ ಮಾಡಿಸಿಕೊಂಡಳು.

ಅದರ ಫಲಿತಾಂಶ ಏನು ಬಂತು ಎಂದು ತಿಳಿಯಲು ನಿಮ್ಮಲ್ಲಿ ಕೆಲವರಿಗೆ ಆಸೆ ಇರಬಹುದು. ನಾವು ಅದನ್ನು ಹೇಳುವುದಿಲ್ಲ. ಹೇಳುವ ಹಕ್ಕು ಅವಳದು. ಇಲ್ಲವೆಂದು ಬಂದಿದ್ದರೆ ಆ ನೆರೆಹೊರೆಯವರು ಮಾಡಿದ್ದು ಅನ್ಯಾಯ. ಇದೆಯೆಂದು ಬಂದಿದ್ದರೆ? ಆಗಲೂ ಅದು ಅಷ್ಟೇ ಅನ್ಯಾಯ. ಈ ಮಾತನ್ನು ಒಪ್ಪಿಕೊಳ್ಳುವ ತನಕ ನಮ್ಮ ಕನಿಕರ ಅರ್ಧ ಕನಿಕರವೇ.

ದೇಶದ ಕಾನೂನೂ ಇದನ್ನೇ ಹೇಳುತ್ತದೆ. 2017ರಲ್ಲಿ ಪಾರ್ಲಿಮೆಂಟು ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆಯನ್ನು ಮಾಡಿತು. 2018ರ ಸೆಪ್ಟೆಂಬರ್ 10ರಿಂದ ಅದು ಜಾರಿಯಲ್ಲಿದೆ. ಸೋಂಕಿನ ಕಾರಣದಿಂದ ಕೆಲಸದಲ್ಲಾಗಲಿ, ಶಾಲೆಯಲ್ಲಾಗಲಿ, ಆಸ್ಪತ್ರೆಯಲ್ಲಾಗಲಿ, ವಾಸದ ಮನೆಯ ವಿಷಯದಲ್ಲಾಗಲಿ ಭೇದ ಮಾಡುವಂತಿಲ್ಲ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಗುಟ್ಟು ಹೊರಗೆ ಹಾಕುವಂತಿಲ್ಲ. 100 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಯು ಇಂಥ ದೂರುಗಳನ್ನು ಕೇಳಲು ಒಬ್ಬ ಅಧಿಕಾರಿಯನ್ನು ನೇಮಿಸಬೇಕು. ನಮ್ಮ ತೋಟಗಳಲ್ಲಿ ಅನೇಕವು ಈ ಲೆಕ್ಕಕ್ಕೆ ಬರುತ್ತವೆ. ಆ ಅಧಿಕಾರಿ ಯಾರೆಂದು ಯೂನಿಯನ್ ಮುಖಂಡರು ಮ್ಯಾನೇಜರರನ್ನು ಮರ್ಯಾದೆಯಿಂದ ಕೇಳಲಿ.

ಎಚ್.ಐ.ವಿ. ಹರಡುವುದು ರಕ್ಷಣೆಯಿಲ್ಲದ ಲೈಂಗಿಕ ಸಂಪರ್ಕದಿಂದ, ಸೋಂಕಿನ ರಕ್ತದಿಂದ, ಒಬ್ಬರಿಗೆ ಬಳಸಿದ ಸೂಜಿಯಿಂದ, ತಾಯಿಯಿಂದ ಮಗುವಿಗೆ. ಹಚ್ಚೆ ಹಾಕಿಸಿಕೊಳ್ಳುವವರು ಹೊಸ ಸೂಜಿ ಕೇಳಿರಿ. ಕ್ಷೌರಕ್ಕೆ ಹೊಸ ಬ್ಲೇಡು ಕೇಳಿರಿ. ಮುಟ್ಟಿದರೆ, ಅಪ್ಪಿಕೊಂಡರೆ, ಒಂದೇ ಲೋಟದಲ್ಲಿ ಕುಡಿದರೆ, ಸೊಳ್ಳೆ ಕಚ್ಚಿದರೆ ಹರಡುವುದಿಲ್ಲ. ಕರ್ತನ ಭೋಜನದ ಪಾನಪಾತ್ರೆಯ ವಿಷಯವಾಗಿ ಕೆಲವು ಕುಟುಂಬದವರು ನಮ್ಮನ್ನು ಗುಟ್ಟಾಗಿ ಕೇಳಿದ್ದುಂಟು. ಇಲ್ಲಿ ಬಹಿರಂಗವಾಗಿ ಉತ್ತರ ಕೊಡುತ್ತೇವೆ. ಒಂದೇ ಪಾತ್ರೆಯಿಂದ ಕುಡಿಯುವುದರಿಂದ ಎಚ್.ಐ.ವಿ. ಹರಡುವುದಿಲ್ಲ. ಈ ಕಾರಣ ಹೇಳಿ ಯಾರನ್ನೂ ಆ ಮೇಜಿನಿಂದ ದೂರ ಇಡಬಾರದು.

ದೇವರ ವಾಕ್ಯವು ಈ ವಿಷಯದಲ್ಲಿ ನಮಗೆ ಬೆಳಕು ಕೊಡುತ್ತದೆ. ಯೋಬನ ಅಂಗಾಲಿನಿಂದ ನಡುನೆತ್ತಿಯ ತನಕ ಹುಣ್ಣೆದ್ದಾಗ ಅವನ ಸ್ನೇಹಿತರು ಬಂದರು. ಏಳು ದಿನ ಸುಮ್ಮನೆ ಜೊತೆಯಲ್ಲಿ ಕುಳಿತಿದ್ದರು. ಅಷ್ಟರ ತನಕ ಅವರು ಒಳ್ಳೆಯ ಸ್ನೇಹಿತರಾಗಿದ್ದರು. ಆಮೇಲೆ ಬಾಯಿ ತೆರೆದು, ಅವನ ಕಷ್ಟವೇ ಅವನ ಪಾಪಕ್ಕೆ ಸಾಕ್ಷಿ ಎಂದು ವಾದಿಸಿದರು. ಕಡೆಯಲ್ಲಿ ದೇವರ ಕೋಪ ಉರಿದದ್ದು ಯೋಬನ ಮೇಲಲ್ಲ, ಆ ಸ್ನೇಹಿತರ ಮೇಲೆ. ಯಾಜಕಕಾಂಡದ 13ನೆಯ ಅಧ್ಯಾಯವನ್ನು ಓದಿರಿ. ಚರ್ಮದ ಮೇಲಿನ ಮಚ್ಚೆಯ ವಿಷಯ ಸಂದೇಹವಿದ್ದರೆ ಯಾಜಕನು ಏಳು ದಿನ ಕಾದು ತಿರಿಗಿ ನೋಡಬೇಕು, ಮತ್ತೆ ಏಳು ದಿನ ಕಾದು ತಿರಿಗಿ ನೋಡಬೇಕು. ಅಷ್ಟು ಹಳೆಯ ಕಾಲದಲ್ಲಿಯೇ ದುಡುಕಿ ತೀರ್ಪು ಕೊಡಬಾರದೆಂಬ ಕಟ್ಟಳೆ ಇತ್ತು. ನಲ್ಲಿಯ ಹತ್ತಿರ ಒಂದು ನೋಟದಲ್ಲಿ ತೀರ್ಪು ಕೊಡಲು ನಮಗೆ ಯಾರು ಅಧಿಕಾರ ಕೊಟ್ಟರು?

ಆ ಕಟ್ಟಳೆಯಂತೆ ರೋಗಿಯು ಪಾಳೆಯದ ಹೊರಗೆ ವಾಸಿಸಬೇಕಾಗಿತ್ತು ಎಂಬುದೂ ನಿಜವೇ. ಆದರೆ ನಮ್ಮ ಕರ್ತನು ಏನು ಮಾಡಿದನು? ಕುಷ್ಠರೋಗಿಯೊಬ್ಬನು ಬಂದು ಮೊಣಕಾಲೂರಿದಾಗ, ದೂರದಲ್ಲಿ ನಿಂತು ಮಾತಿನಿಂದಲೇ ಗುಣಪಡಿಸುವ ಶಕ್ತಿ ಆತನಿಗಿತ್ತು. ಆದರೂ ಮೊದಲು ಕೈಚಾಚಿ ಮುಟ್ಟಿದನು. ಆಮೇಲೆ ಶುದ್ಧನಾಗೆಂದು ಹೇಳಿದನು. ಗುಣವಾದ ಮೇಲೆ ಮುಟ್ಟಿದ್ದಲ್ಲ, ಮುಟ್ಟಿದ ಮೇಲೆ ಗುಣಪಡಿಸಿದ್ದು. ಗುಣಪಡಿಸುವ ಕೆಲಸ ವೈದ್ಯರ ಮೂಲಕ ದೇವರು ಮಾಡುತ್ತಾನೆ. ಮುಟ್ಟುವ ಕೆಲಸವನ್ನು ನಮಗೆ ಬಿಟ್ಟಿದ್ದಾನೆ.

ಆದಕಾರಣ ಈ ಕೂಟದಿಂದ ಹೋಗುವಾಗ ಮೂರು ನಿರ್ಣಯಗಳನ್ನು ಕೊಂಡೊಯ್ಯೋಣ. ನಮ್ಮ ಮನೆಯವರ ಮೈಮೇಲಿನ ಬದಲಾಗುವ ಮಚ್ಚೆಯನ್ನೂ ಮಾಯದ ಹುಣ್ಣನ್ನೂ ಈ ತಿಂಗಳೇ ವೈದ್ಯರಿಗೆ ತೋರಿಸುವೆವು. ಇನ್ನೊಬ್ಬರ ಮೈಮೇಲಿನ ಕಲೆಯ ವಿಷಯ ನಲ್ಲಿಯ ಹತ್ತಿರ ಮಾತೆತ್ತಿದರೆ, ಆ ಮಾತನ್ನು ಅಲ್ಲಿಯೇ ನಿಲ್ಲಿಸುವೆವು. ಆಸ್ಪತ್ರೆಗೆ ಒಬ್ಬರೇ ಹೋಗಲು ಹೆದರುವವರ ಜೊತೆಯಲ್ಲಿ ಒಂದು ದಿನದ ಕೂಲಿ ಹೋದರೂ ಹೋಗುವೆವು, ತಿಳಿದುಬಂದದ್ದನ್ನು ನಮ್ಮ ಎದೆಯಲ್ಲಿಯೇ ಇಟ್ಟುಕೊಳ್ಳುವೆವು.

ದೇವರು ನಿಮ್ಮ ಮನೆಗಳನ್ನೂ ನಿಮ್ಮ ದುಡಿಯುವ ಕೈಗಳನ್ನೂ ಆಶೀರ್ವದಿಸಲಿ. ಆಮೆನ್.